ಬೇಕನ್ ಸುತ್ತಿದ ಸೀಗಡಿ: ಹೊರಗೆ ಗರಿಗರಿ, ಒಳಗೆ ಮೃದು ಆಗುವುದು ಹೇಗೆ?

ನೋಡಲು ಇದು ಎರಡೇ ಸಾಮಾನಿನ ಅಡುಗೆ. ಸೀಗಡಿಗೆ ಒಂದು ಬೇಕನ್ (ಉಪ್ಪು ಹಿಡಿಸಿದ ಹಂದಿ ಮಾಂಸ) ಪಟ್ಟಿ ಸುತ್ತಿ, ಕಡ್ಡಿ ಚುಚ್ಚಿ, ಓವನ್‌ಗೆ ಇಟ್ಟರೆ ಮುಗಿಯಿತು. ಊಟಕ್ಕೆ ಮೊದಲು ನಾಲ್ಕು ಜನ ಮಾತಾಡುತ್ತಾ ಕೈಯಲ್ಲೇ ಹಿಡಿದು ತಿನ್ನುವಂಥ ಸಣ್ಣ ತುಂಡುಗಳು ಇವು. ಸ್ಟಾರ್ಟರ್ ಅಥವಾ ಅಪೆಟೈಸರ್ ಅಂತ ಕರೆಯುವುದು ಇಂಥದ್ದನ್ನೇ.

ಆದರೆ ಹಾಗೆ ಸುಮ್ನೆ ಸುತ್ತಿ ಬೇಯಿಸಿದರೆ ಹೆಚ್ಚಾಗಿ ಎರಡರಲ್ಲಿ ಒಂದು ತೊಂದರೆ ಆಗುತ್ತದೆ. ಸೀಗಡಿ ಚೆನ್ನಾಗಿ ಬಂದಿರುತ್ತದೆ, ಬೇಕನ್ ಮಾತ್ರ ಬಿಳಿಚಿಕೊಂಡು, ಕೊಬ್ಬು ಕರಗದೆ, ಜಗಿದರೂ ಹರಿಯದ ಹಾಗೆ ಉಳಿದಿರುತ್ತದೆ. ಇಲ್ಲವೇ ಬೇಕನ್ ಗರಿಗರಿಯಾಗುವವರೆಗೆ ಕಾದರೆ ಒಳಗಿನ ಸೀಗಡಿ ರಬ್ಬರಿನಂತೆ ಆಗಿರುತ್ತದೆ. ಉರಿ ಜಾಸ್ತಿ ಮಾಡಿದರೂ, ಕಡಿಮೆ ಮಾಡಿದರೂ ಇದೇ ಕಥೆ. ಇದು ಕೈಗುಣದ ಪ್ರಶ್ನೆ ಅಲ್ಲವೇ ಅಲ್ಲ. ಈ ಎರಡು ಪದಾರ್ಥಗಳಿಗೆ ಬೇಕಾದ ಸಮಯ ಬೇರೆ ಬೇರೆ, ಅಷ್ಟೇ. ಯಾಕೆ ಬೇರೆ ಅನ್ನುವುದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿಯೇ ಸರಿಹೋಗುತ್ತದೆ, ಸೀಗಡಿಯ ಬದಲು ಸ್ಕ್ಯಾಲಪ್ ಎಂಬ ಚಿಪ್ಪಿನ ಜೀವಿ ಇರಲಿ, ಮೀನಿನ ತುಂಡು ಇರಲಿ, ಲೆಕ್ಕ ನೀವೇ ಹಾಕಿಕೊಳ್ಳಬಹುದು.

ಬೇಕನ್ ಒಳಗೆ ಏನಿದೆ?

ಬೇಕನ್ ಅಂದರೆ ಉಪ್ಪು ಹಿಡಿಸಿದ ಹಂದಿ ಮಾಂಸ. ಪಟ್ಟಿಪಟ್ಟಿಯಾಗಿ, ಕೆಂಪು ಬಿಳಿ ಗೆರೆಗಳಿರುವ ಬೇಕನ್ ಬರುವುದು ಹಂದಿಯ ಹೊಟ್ಟೆಯ ಭಾಗದಿಂದ. ಕೆಂಪು ಗೆರೆ ಮಾಂಸ, ಬಿಳಿ ಗೆರೆ ಕೊಬ್ಬು. ಬೆನ್ನಿನ ಭಾಗದಿಂದ ಮಾಡುವ ಬೇಕನ್ ಕೂಡ ಇದೆ. ಅದು ಅಗಲವಾಗಿರುತ್ತದೆ, ಕೊಬ್ಬು ಕಡಿಮೆ. ಸುತ್ತುವ ಕೆಲಸಕ್ಕೆ ಹೊಟ್ಟೆಯ ಭಾಗದ್ದೇ ಸರಿ, ಯಾಕೆಂದರೆ ಉದ್ದ ಇರುತ್ತದೆ, ಬಗ್ಗುತ್ತದೆ, ಕೊಬ್ಬು ಕರಗಿದಾಗ ತನ್ನನ್ನು ತಾನೇ ಹುರಿದುಕೊಳ್ಳುತ್ತದೆ.

ಮಾಂಸಕ್ಕೆ ಉಪ್ಪಿನ ಜೊತೆ ಸ್ವಲ್ಪ ಸಕ್ಕರೆ, ಬಹಳ ಸಣ್ಣ ಪ್ರಮಾಣದಲ್ಲಿ ನೈಟ್ರೈಟ್ ಎಂಬ ಲವಣವನ್ನೂ ಸೇರಿಸುತ್ತಾರೆ. ಆಮೇಲೆ ಹೆಚ್ಚಿನವಕ್ಕೆ ಹೊಗೆ ಕೊಡುತ್ತಾರೆ. ನೈಟ್ರೈಟ್ ಎರಡು ಕೆಲಸ ಮಾಡುತ್ತದೆ. ಬಾಟುಲಿಸಂ ಎಂಬ ಅಪಾಯಕಾರಿ ಆಹಾರ ವಿಷಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ, ಜೊತೆಗೆ ಮಾಂಸದ ಗುಲಾಬಿ ಬಣ್ಣವನ್ನು ಹಿಡಿದಿಡುತ್ತದೆ. ಈ ಬಣ್ಣ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಬೇಕನ್ ಬೆಂದಿದೆಯಾ ಇಲ್ಲವಾ ಅಂತ ಗುಲಾಬಿ ಬಣ್ಣ ನೋಡಿ ಹೇಳಲು ಆಗದು, ಕೊಬ್ಬನ್ನು ನೋಡಿ ಹೇಳಬೇಕು.

ಇನ್ನೊಂದು ಮುಖ್ಯ ವಿಷಯ. ಉಪ್ಪು ಹಿಡಿಸಿದ್ದು, ಹೊಗೆ ಕೊಟ್ಟದ್ದು ಅಂದ ಮಾತ್ರಕ್ಕೆ ಅದು ಬೆಂದದ್ದು ಅಂತಲ್ಲ. ಪೊಟ್ಟಣದ ಮೇಲೆ ಪೂರ್ತಿ ಬೇಯಿಸಿದ್ದು ಅಂತ ಬರೆದಿಲ್ಲದಿದ್ದರೆ ಬೇಕನ್ ಹಸಿ ಮಾಂಸವೇ.

ಬೇಕನ್ ಗರಿಗರಿಯಾಗಲು ಯಾಕೆ ಅಷ್ಟು ಹೊತ್ತು?

ಬೇಕನ್ ಗರಿಗರಿ ಆಗಬೇಕಾದರೆ ಎರಡು ಕೆಲಸ ನಡೆಯಬೇಕು. ಒಂದು, ಮಾಂಸದಲ್ಲಿರುವ ನೀರು ಆವಿಯಾಗಿ ಹೋಗಬೇಕು. ಇನ್ನೊಂದು, ಬಿಳಿ ಗೆರೆಯಲ್ಲಿರುವ ಕೊಬ್ಬು ಕರಗಿ ಹೊರಗೆ ಬರಬೇಕು.

ನೀರಿನ ಕೆಲಸವೇ ನಿಧಾನ. ಒದ್ದೆ ಇರುವ ಮೇಲ್ಮೈ ಎಷ್ಟೇ ಬಿಸಿ ಓವನ್‌ನಲ್ಲಿದ್ದರೂ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಬಂದ ಬಿಸಿಯೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಆದರೆ ಮಾಂಸ ಕಂದು ಬಣ್ಣಕ್ಕೆ ತಿರುಗಿ ಆ ಘಮ ಬರಬೇಕಾದರೆ ಮೇಲ್ಮೈ ಸುಮಾರು 140 ಡಿಗ್ರಿಯಾದರೂ ಮುಟ್ಟಬೇಕು. ಪ್ರೋಟೀನ್ ಮತ್ತು ಸಕ್ಕರೆ ಸೇರಿ ನಡೆಯುವ ಈ ಬದಲಾವಣೆಗೆ ಮೈಯಾರ್ ಕ್ರಿಯೆ ಅಂತ ಹೆಸರು. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ರಸಾಯನ ವಿಜ್ಞಾನಿ ಲೂಯಿ ಕಮಿಯ್ ಮೈಯಾರ್ ಅವರ ಹೆಸರೇ ಅದಕ್ಕೆ ಬಂದದ್ದು. ನೀರು ಹೋಗುವವರೆಗೆ ಇದು ಜೋರಾಗಿ ನಡೆಯುವುದೇ ಇಲ್ಲ.

ಕೊಬ್ಬಿನ ವಿಷಯವೂ ಹಾಗೇ. ಹಂದಿಯ ಕೊಬ್ಬು ಕರಗಲು ಹೆಚ್ಚು ಬಿಸಿ ಬೇಡ. ಆದರೆ ಅದು ಸಣ್ಣ ಸಣ್ಣ ಕೋಶಗಳೊಳಗೆ, ತೆಳು ಪೊರೆಗಳ ನಡುವೆ ಕೂತಿರುತ್ತದೆ. ಆ ಪೊರೆ ಸಡಿಲವಾಗಿ, ಕರಗಿದ ಕೊಬ್ಬು ಹೊರಗೆ ಹರಿಯಲು ಹೊತ್ತು ಹಿಡಿಯುತ್ತದೆ. ತೆಳು ಪಟ್ಟಿಗೂ 200 ಡಿಗ್ರಿ ಓವನ್‌ನಲ್ಲಿ ಸುಮಾರು 15ರಿಂದ 20 ನಿಮಿಷ ಬೇಕು. ಅದೂ ಟ್ರೇ ಮೇಲೆ ಬಿಡಿಬಿಡಿಯಾಗಿ ಹರಡಿ ಇಟ್ಟಾಗ. ಯಾವುದಕ್ಕೋ ಸುತ್ತಿಟ್ಟರೆ ಇನ್ನೂ ಜಾಸ್ತಿ, ಯಾಕೆಂದರೆ ಒಂದು ಬದಿ ಹಸಿ ಸೀಗಡಿಗೆ ಅಂಟಿಕೊಂಡಿರುತ್ತದೆ, ಆ ಬದಿಯಿಂದ ಆವಿ ಹೋಗುವ ದಾರಿಯೇ ಇಲ್ಲ.

ಇಷ್ಟೆಲ್ಲ ಆಗುವ ಹೊತ್ತಿಗೆ ಬೇಕನ್ ತನ್ನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕಳೆದುಕೊಂಡಿರುತ್ತದೆ, ಉದ್ದವೂ ಕುಗ್ಗಿರುತ್ತದೆ. ಈ ಕುಗ್ಗುವಿಕೆ ನೆನಪಿರಲಿ, ಸುತ್ತುವಾಗ ಮತ್ತೆ ಬೇಕಾಗುತ್ತದೆ.

ಸೀಗಡಿ ಯಾಕೆ ಅಷ್ಟು ಬೇಗ ಬೇಯುತ್ತದೆ?

ನೆಲದ ಮೇಲೆ ಓಡಾಡುವ ಪ್ರಾಣಿ ತನ್ನ ಭಾರವನ್ನು ತಾನೇ ಹೊರಬೇಕು. ಅದಕ್ಕೆ ಮಾಂಸದ ಎಳೆಗಳನ್ನು ಬಿಗಿಯಾಗಿ ಕಟ್ಟಿಡುವ ಗಟ್ಟಿ ನಾರು ಬೇಕು. ನೀರಿನಲ್ಲಿ ಬದುಕುವ ಜೀವಿಗಳ ಭಾರವನ್ನು ಬಹುಪಾಲು ನೀರೇ ಹೊರುತ್ತದೆ. ಹಾಗಾಗಿ ಅವುಗಳ ಮಾಂಸದಲ್ಲಿ ಅಂಥ ನಾರು ಕಡಿಮೆ, ಇದ್ದದ್ದೂ ಬೇಗ ಮೆತ್ತಗಾಗುತ್ತದೆ. ಬೇಯಿಸಿ ಬೇಯಿಸಿ ಮೃದು ಮಾಡುವ ಅಗತ್ಯವೇ ಅಲ್ಲಿ ಇಲ್ಲ.

ಸೀಗಡಿಯ ಪ್ರೋಟೀನ್ 50 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗಲು ಶುರುವಾಗುತ್ತದೆ. ಸಮುದ್ರದ ಆಹಾರಕ್ಕೆ ಸುರಕ್ಷಿತ ಅಂತ ಹೇಳುವ ಒಳಗಿನ ಬಿಸಿ 63 ಡಿಗ್ರಿ. ದೊಡ್ಡ ಸೀಗಡಿ ಕೂಡ ಐದಾರು ನಿಮಿಷದಲ್ಲಿ ಅಲ್ಲಿಗೆ ಮುಟ್ಟಿಬಿಡುತ್ತದೆ. ಅದನ್ನು ದಾಟಿ ಬಿಸಿ ಏರುತ್ತಾ ಹೋದರೆ ಪ್ರೋಟೀನ್ ಎಳೆಗಳು ಇನ್ನಷ್ಟು ಬಿಗಿದುಕೊಂಡು ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತವೆ. ರಬ್ಬರಿನಂತೆ ಆಗುವುದು ಆಗಲೇ. ಒಮ್ಮೆ ಹೀಗಾದ ಮೇಲೆ ಸರಿಮಾಡುವ ದಾರಿ ಇಲ್ಲ.

ಬೆಂದಿದೆಯಾ ಅಂತ ತಿಳಿಯಲು ಎರಡು ಗುರುತು. ಪಾರದರ್ಶಕವಾಗಿದ್ದ ಮಾಂಸ ಒಳಗಿನವರೆಗೂ ಮುತ್ತಿನ ಬಿಳುಪಿಗೆ ತಿರುಗಿರಬೇಕು. ಆಕಾರ ಸಡಿಲವಾಗಿ ಬಾಗಿರಬೇಕು, ತಲೆಯ ಕಡೆ ಬಾಲದ ಕಡೆ ಎರಡೂ ಮುಟ್ಟುವಷ್ಟು ಬಿಗಿಯಾಗಿ ಸುರುಟಿದ್ದರೆ ಹೊತ್ತು ಮೀರಿದೆ ಅಂತ ಅರ್ಥ. ಮೇಲಿನ ಕೆಂಪು ಬಣ್ಣವನ್ನು ಮಾತ್ರ ನಂಬಬೇಡಿ. ಹಸಿ ಸೀಗಡಿಯಲ್ಲಿ ಆಸ್ಟಾಜ್ಯಾಂಥಿನ್ ಎಂಬ ಕೆಂಪು ಬಣ್ಣ ಒಂದು ಪ್ರೋಟೀನ್ ಜೊತೆ ಸೇರಿಕೊಂಡು ಬೂದು ನೀಲಿಯಾಗಿ ಕಾಣುತ್ತದೆ, ಬಿಸಿ ತಾಗಿದಾಗ ಆ ಹಿಡಿತ ಬಿಟ್ಟು ಕೆಂಪು ಹೊರಗೆ ಬರುತ್ತದೆ. ಇದು ಮೇಲ್ಮೈಯಲ್ಲಿ ಬೇಗ ಆಗಿಬಿಡುತ್ತದೆ, ಮಧ್ಯಭಾಗ ಇನ್ನೂ ಹಸಿ ಇರಬಹುದು.

ಹಾಗಾದರೆ ಪರಿಹಾರ: ಬೇಕನ್‌ಗೆ ಮೊದಲು ಬಿಸಿ

ಈಗ ಲೆಕ್ಕ ಸ್ಪಷ್ಟ ಅಲ್ವಾ? ಒಂದಕ್ಕೆ 15–20 ನಿಮಿಷ, ಇನ್ನೊಂದಕ್ಕೆ ಐದಾರು ನಿಮಿಷ. ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ಒಟ್ಟಿಗೆ ಮುಗಿಯುವುದಿಲ್ಲ. ಆದ್ದರಿಂದ ಬೇಕನ್ ಅನ್ನು ಮೊದಲೇ ಅರ್ಧ ಬೇಯಿಸಿಕೊಳ್ಳಬೇಕು, ಆಮೇಲೆ ಸುತ್ತಬೇಕು. ಇಡೀ ಅಡುಗೆಯಲ್ಲಿ ಬಿಡಲೇಬಾರದ ಹೆಜ್ಜೆ ಇದೊಂದೇ.

ಎಲ್ಲಿಯವರೆಗೆ ಬೇಯಿಸುವುದು? ಬಿಳಿ ಕೊಬ್ಬು ಗಾಜಿನ ಹಾಗೆ ಪಾರದರ್ಶಕವಾಗಬೇಕು, ಟ್ರೇಯಲ್ಲಿ ಸ್ವಲ್ಪ ಎಣ್ಣೆ ಬಿಟ್ಟಿರಬೇಕು, ಅಂಚು ಕುಗ್ಗಲು ಶುರುವಾಗಿರಬೇಕು, ಆದರೆ ಕೈಯಲ್ಲಿ ಎತ್ತಿದರೆ ಪಟ್ಟಿ ಇನ್ನೂ ಜೋಲುಬೀಳಬೇಕು. ಕಂದು ಬಣ್ಣ ಬಂದು ಗಟ್ಟಿಯಾದರೆ ಸುತ್ತಲು ಹೋದಾಗ ಮುರಿಯುತ್ತದೆ. 200 ಡಿಗ್ರಿ ಓವನ್‌ನಲ್ಲಿ ತೆಳು ಪಟ್ಟಿಗೆ 8ರಿಂದ 10 ನಿಮಿಷ ಸಾಕು. ಮೈಕ್ರೋವೇವ್‌ನಲ್ಲಾದರೆ ಎರಡು ಪೇಪರ್ ಟವೆಲ್ ನಡುವೆ ನಾಲ್ಕು ಪಟ್ಟಿ ಇಟ್ಟು ಒಂದೂವರೆ ನಿಮಿಷಕ್ಕೆ ಒಮ್ಮೆ ತೆಗೆದು ನೋಡಿ, ಒಂದೊಂದು ಮೈಕ್ರೋವೇವ್ ಒಂದೊಂದು ಥರ.

ಇದರಿಂದ ಇನ್ನೊಂದು ಲಾಭ ಇದೆ. ಬೇಕನ್ ಕುಗ್ಗಬೇಕಾದದ್ದರಲ್ಲಿ ಒಂದಷ್ಟು ಮೊದಲೇ ಕುಗ್ಗಿರುತ್ತದೆ. ಹಸಿ ಪಟ್ಟಿಯನ್ನು ಬಿಗಿಯಾಗಿ ಸುತ್ತಿದರೆ ಅದು ಓವನ್ನೊಳಗೆ ಕುಗ್ಗುತ್ತಾ ಸೀಗಡಿಯನ್ನು ಹಿಸುಕುತ್ತದೆ, ಕಡ್ಡಿಯಿಂದ ಕಿತ್ತುಕೊಂಡು ಬಿಚ್ಚಿಯೂ ಹೋಗುತ್ತದೆ. ಅರ್ಧ ಬೆಂದದ್ದಾದರೆ ಇದ್ದಲ್ಲೇ ಇರುತ್ತದೆ.

ಅರ್ಧ ಬೆಂದ ಪಟ್ಟಿಗಳನ್ನು ಪೇಪರ್ ಟವೆಲ್ ಮೇಲೆ ಹರಡಿ, ಕೈಗೆ ಬಿಸಿ ತಾಗದಷ್ಟು ಆರಲು ಬಿಡಿ. ಬಿಸಿಬಿಸಿ ಇರುವಾಗಲೇ ಸುತ್ತಿದರೆ ಹಸಿ ಸೀಗಡಿ ಅರೆಬಿಸಿಯಾಗಿ ಕೂತಿರುತ್ತದೆ, ಅದು ಒಳ್ಳೆಯದಲ್ಲ.

ಯಾವುದನ್ನು ಸುತ್ತಬಹುದು, ಕೊಳ್ಳುವಾಗ ಏನು ನೋಡಬೇಕು

ಮೊದಲ ಸಲ ಮಾಡುವವರಿಗೆ ಸೀಗಡಿಯೇ ಸುಲಭ. ಪೊಟ್ಟಣದ ಮೇಲೆ 16/20, 21/25, 31/40 ಅಂತ ಅಂಕಿಗಳಿರುತ್ತವೆ. ಅಷ್ಟು ಸೀಗಡಿ ಸೇರಿದರೆ ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ಆಗುತ್ತದೆ ಅಂತ ಇದರ ಅರ್ಥ. ಅಂಕಿ ಚಿಕ್ಕದಾದಷ್ಟೂ ಸೀಗಡಿ ದೊಡ್ಡದು. ಈ ಅಡುಗೆಗೆ 16/20 ತಗೊಳ್ಳಿ. ದೊಡ್ಡದು ಬೇಯಲು ಒಂದೆರಡು ನಿಮಿಷ ಹೆಚ್ಚು ತೆಗೆದುಕೊಳ್ಳುತ್ತದೆ, ಆ ಒಂದೆರಡು ನಿಮಿಷವೇ ಬೇಕನ್‌ಗೆ ಬೇಕಾಗಿರುವುದು. 31/40ರಂಥ ಸಣ್ಣ ಸೀಗಡಿ ಬೇಕನ್ ಒಳಗೆ ಕಳೆದೇಹೋಗುತ್ತದೆ, ರುಚಿಯೂ ತಿಳಿಯುವುದಿಲ್ಲ. ಮೊದಲೇ ಬೇಯಿಸಿದ, ಗುಲಾಬಿ ಬಣ್ಣದ ಸೀಗಡಿ ಇದಕ್ಕೆ ಬೇಡವೇ ಬೇಡ, ಎರಡನೇ ಸಲ ಬೆಂದರೆ ಗಟ್ಟಿಯಾಗುತ್ತದೆ.

ಸೀಗಡಿಯ ಬೆನ್ನಿನಲ್ಲಿರುವ ಕಪ್ಪು ಗೆರೆ ರಕ್ತನಾಳ ಅಲ್ಲ, ಅದರ ಕರುಳು. ಬೆಂದ ಮೇಲೆ ತಿಂದರೆ ಅಪಾಯವೇನಿಲ್ಲ, ಆದರೆ ಒಮ್ಮೊಮ್ಮೆ ಮರಳು ಹಲ್ಲಿಗೆ ಸಿಗುತ್ತದೆ. ಬೆನ್ನನ್ನು ಸ್ವಲ್ಪ ಸೀಳಿ ತೆಗೆದುಬಿಡಿ. ಸಿಪ್ಪೆ ಸುಲಿಯಿರಿ, ಬಾಲ ಮಾತ್ರ ಉಳಿಸಿಕೊಳ್ಳಿ, ಹಿಡಿದು ತಿನ್ನಲು ಅನುಕೂಲ.

ಸ್ಕ್ಯಾಲಪ್ ಎರಡನೆಯದು. ಬೀಸಣಿಗೆಯ ಆಕಾರದ ಚಿಪ್ಪಿನೊಳಗೆ ಇರುವ ಜೀವಿ ಇದು, ತಿನ್ನಲು ಬಳಸುವುದು ಹೆಚ್ಚಾಗಿ ಆ ಚಿಪ್ಪನ್ನು ಮುಚ್ಚುವ ದುಂಡನೆಯ ಬಿಳಿ ಸ್ನಾಯುವನ್ನು. ಇಲ್ಲಿ ಕೊಳ್ಳುವಾಗಲೇ ಎಚ್ಚರ ಬೇಕು. ಕೆಲವು ಸ್ಕ್ಯಾಲಪ್‌ಗಳನ್ನು ಫಾಸ್ಫೇಟ್ ಬೆರೆಸಿದ ನೀರಿನಲ್ಲಿ ನೆನೆಸಿರುತ್ತಾರೆ. ಅವು ನೀರು ಹೀರಿಕೊಂಡು ತೂಕ ಹೆಚ್ಚಾಗುತ್ತದೆ, ಓವನ್‌ಗೆ ಹೋದ ಕೂಡಲೇ ಆ ನೀರನ್ನೆಲ್ಲ ಬಿಡುತ್ತವೆ. ಸುತ್ತಿದ ಬೇಕನ್ ನೀರಿನಲ್ಲಿ ಬೆಂದಂತೆ ಆಗುತ್ತದೆ, ಗರಿಗರಿ ಅನ್ನುವ ಮಾತೇ ಇಲ್ಲ. ನೆನೆಸಿದವು ಹೊಳೆಯುವ ಅಚ್ಚ ಬಿಳಿಯಾಗಿ, ಹಾಲಿನಂಥ ದ್ರವದಲ್ಲಿ ಕೂತಿರುತ್ತವೆ. ನೆನೆಸದವು ಕೆನೆ ಬಣ್ಣ ಅಥವಾ ತಿಳಿ ಗುಲಾಬಿ ಬಣ್ಣದಲ್ಲಿ, ಮುಟ್ಟಿದರೆ ಸ್ವಲ್ಪ ಅಂಟುತ್ತವೆ. ಪೊಟ್ಟಣದ ಮೇಲೆ ‘ಡ್ರೈ’ ಅಂತ ಬರೆದಿದ್ದರೆ ಅದನ್ನೇ ತಗೊಳ್ಳಿ. ಸ್ಕ್ಯಾಲಪ್‌ನ ಪಕ್ಕದಲ್ಲಿ ಒಂದು ಸಣ್ಣ ಗಟ್ಟಿ ಪಟ್ಟಿ ಅಂಟಿಕೊಂಡಿರುತ್ತದೆ, ಬೆರಳಲ್ಲಿ ಎಳೆದರೆ ಬರುತ್ತದೆ. ಅದು ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ.

ಸಿಂಪಿಯೊಳಗಿನ ಮಾಂಸವನ್ನು, ಅಂದರೆ ಆಯ್‌ಸ್ಟರ್ ಅನ್ನು, ಬೇಕನ್‌ನಲ್ಲಿ ಸುತ್ತುವುದು ಬಹಳ ಹಳೆಯ ಪದ್ಧತಿ. 19ನೇ ಶತಮಾನದ ಬ್ರಿಟನ್‌ನಲ್ಲೇ ಇದು ಬಳಕೆಯಲ್ಲಿತ್ತು, ‘ಏಂಜಲ್ಸ್ ಆನ್ ಹಾರ್ಸ್‌ಬ್ಯಾಕ್’ ಅನ್ನುವ ಹೆಸರು ಇದರದ್ದೇ. ಆಯ್‌ಸ್ಟರ್ ಎಲ್ಲಕ್ಕಿಂತ ಮೆತ್ತಗಿನದು, ನೀರೂ ಜಾಸ್ತಿ, ಆದ್ದರಿಂದ ಬೇಕನ್ ಇಲ್ಲಿ ಮುಕ್ಕಾಲು ಪಾಲು ಬೆಂದಿರಲಿ. ಮೀನಾದರೆ ಸಾಲ್ಮನ್, ಮಂಕ್‌ಫಿಶ್, ಸ್ವೋರ್ಡ್‌ಫಿಶ್‌ನಂಥ ಗಟ್ಟಿ ಮಾಂಸದ್ದನ್ನು ಮೂರು ಸೆಂಟಿಮೀಟರ್ ಚೌಕಕ್ಕೆ ಕತ್ತರಿಸಿಕೊಳ್ಳಿ, ಪದರಪದರವಾಗಿ ಬಿಡಿಸಿಕೊಳ್ಳುವ ಮೀನು ಕಡ್ಡಿಗೆ ನಿಲ್ಲುವುದಿಲ್ಲ.

ಬೇಕನ್ ಮಾತ್ರ ತೆಳುವಾದದ್ದನ್ನೇ ಆರಿಸಿ. ದಪ್ಪ ಪಟ್ಟಿ ತಿಂಡಿಗೆ ಚೆನ್ನ, ಸುತ್ತಲು ಅಲ್ಲ. ದಪ್ಪದ್ದೇ ಮನೆಯಲ್ಲಿದ್ದರೆ, ಚಾಕುವಿನ ಹಿಂಬದಿಯಿಂದ ಹಲಗೆಯ ಮೇಲೆ ಒತ್ತಿ ಎಳೆದರೆ ಪಟ್ಟಿ ಉದ್ದವಾಗಿ ತೆಳುವಾಗುತ್ತದೆ. ಹಂದಿ ಮಾಂಸ ತಿನ್ನದವರಿಗೆ ಟರ್ಕಿ ಕೋಳಿಯ ಬೇಕನ್ ಬಳಸಬಹುದು. ಅದರಲ್ಲಿ ಕೊಬ್ಬು ಬಹಳ ಕಡಿಮೆ, ಕುಗ್ಗುವುದೂ ಕಡಿಮೆ, ಹಾಗಾಗಿ ಅದಕ್ಕೆ ಮೊದಲು ಬೇಯಿಸುವ ಅಗತ್ಯ ಅಷ್ಟಾಗಿ ಇಲ್ಲ, ಮೇಲಿಂದ ಸ್ವಲ್ಪ ಎಣ್ಣೆ ಸವರಬೇಕು ಅಷ್ಟೇ. ಪೂರ್ತಿ ಬೆಂದ ಗುರುತಿಗೆ ಮಾತ್ರ ಪೊಟ್ಟಣದ ಮೇಲಿನ ಸೂಚನೆ ನೋಡಿ.

ಕರಗಿಸುವುದು, ಒರೆಸುವುದು

ಫ್ರೀಜರ್‌ನ ಸೀಗಡಿಯನ್ನು ಹಿಂದಿನ ರಾತ್ರಿಯೇ ಫ್ರಿಜ್‌ಗೆ ಇಳಿಸಿ. ಅವಸರ ಇದ್ದರೆ ಮುಚ್ಚಿದ ಚೀಲದಲ್ಲಿ ಹಾಕಿ ತಣ್ಣೀರಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಅಡುಗೆಮನೆ ಕಟ್ಟೆಯ ಮೇಲೆ ಸುಮ್ನೆ ಇಟ್ಟು ಕರಗಿಸಬೇಡಿ, ಒಳಗೆ ಮಂಜು ಕರಗುವಷ್ಟರಲ್ಲಿ ಹೊರಭಾಗದಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಶುರುವಾಗಿರುತ್ತದೆ. ಗಾಳಿ ತೆಗೆದು ಮುಚ್ಚಿದ ಪೊಟ್ಟಣದ ಮೀನಾದರೆ ಫ್ರಿಜ್‌ನಲ್ಲಿ ಕರಗಿಸುವ ಮೊದಲು ಪೊಟ್ಟಣ ಬಿಚ್ಚಿಡಿ. ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಒಂದು ಬಗೆ ಗಾಳಿ ಇಲ್ಲದ ಕಡೆ, ಫ್ರಿಜ್‌ನ ತಂಪಿನಲ್ಲೂ ಬೆಳೆಯಬಲ್ಲದು.

ಕರಗಿದ ಮೇಲೆ ಪೇಪರ್ ಟವೆಲ್‌ನಿಂದ ಎರಡೂ ಬದಿ ಒತ್ತಿ ಒರೆಸಿ. ಇದನ್ನು ಅಸಡ್ಡೆ ಮಾಡುವವರೇ ಜಾಸ್ತಿ. ಮೇಲೆ ಹೇಳಿದ ನೀರಿನ ಲೆಕ್ಕವೇ ಇಲ್ಲೂ ಇರುವುದು, ಸೀಗಡಿಯ ಮೇಲೆ ಉಳಿದ ಒಂದೊಂದು ಹನಿಯನ್ನೂ ಓವನ್ ಮೊದಲು ಆವಿ ಮಾಡಬೇಕು, ಅಲ್ಲಿಯವರೆಗೆ ಬೇಕನ್ ಕಾಯುತ್ತಾ ಕೂರುತ್ತದೆ, ಸೀಗಡಿ ಬೇಯುತ್ತಾ ಹೋಗುತ್ತದೆ. ಉಪ್ಪು ಹಾಕಬೇಡಿ. ಬೇಕನ್‌ನಲ್ಲಿ ಇರುವುದೇ ಸಾಕು. ಕಾಳುಮೆಣಸಿನ ಪುಡಿ, ಬೆಳ್ಳುಳ್ಳಿ ಪುಡಿ, ಖಾರದ ಪುಡಿ, ಇದರಲ್ಲಿ ಯಾವುದಾದರೂ ಒಂದನ್ನು ಚಿಟಿಕೆ ಉದುರಿಸಿದರೆ ಆಯಿತು.

ಸುತ್ತುವ ರೀತಿ

ಒಂದು ಸೀಗಡಿಗೆ ಅರ್ಧ ಪಟ್ಟಿ. ಇದಕ್ಕಿಂತ ಜಾಸ್ತಿ ಬೇಡ. ಪೂರ್ತಿ ಪಟ್ಟಿಯನ್ನು ಮೂರು ನಾಲ್ಕು ಸುತ್ತು ಸುತ್ತಿದರೆ ಚೆನ್ನಾಗಿ ಕಾಣಬಹುದು, ಆದರೆ ಒಂದರ ಮೇಲೊಂದು ಬಿದ್ದ ಕಡೆ ಒಳಪದರ ಗರಿಗರಿ ಆಗುವುದೇ ಇಲ್ಲ. ಒದ್ದೆ ಬಟ್ಟೆಯನ್ನು ಮಡಿಸಿ ತಂತಿಗೆ ಹಾಕಿದರೆ ಹೊರಗೆ ಒಣಗಿ ಒಳಮಡಿಕೆ ಒದ್ದೆಯಾಗೇ ಉಳಿಯುತ್ತದಲ್ಲ, ಹಾಗೆಯೇ. ಪಟ್ಟಿ ತನ್ನ ಮೇಲೆ ತಾನೇ ಬೀಳದ ಹಾಗೆ ಸುತ್ತಿ, ತುದಿ ಒಂದು ಸೆಂಟಿಮೀಟರಿನಷ್ಟು ಮಾತ್ರ ಮೇಲೆ ಕೂರಬೇಕು. ಉಳಿದದ್ದನ್ನು ಕತ್ತರಿಸಿ.

ಸೀಗಡಿಗೆ ಓರೆಯಾಗಿ, ತಲೆಯ ಕಡೆಯಿಂದ ಬಾಲದ ಕಡೆಗೆ ಸುತ್ತುತ್ತಾ ಬನ್ನಿ, ಪದರಗಳ ನಡುವೆ ಸ್ವಲ್ಪ ಜಾಗ ಇದ್ದರೆ ಇನ್ನೂ ಒಳ್ಳೆಯದು, ಆವಿ ಹೊರಗೆ ಹೋಗುತ್ತದೆ. ಸ್ಕ್ಯಾಲಪ್‌ಗೆ ಮಾತ್ರ ಸುತ್ತಲಿನ ಬದಿಗೆ, ಬೆಲ್ಟ್ ಹಾಕಿದ ಹಾಗೆ ಒಂದೇ ಸುತ್ತು, ಮೇಲಿನ ಕೆಳಗಿನ ಚಪ್ಪಟೆ ಮುಖಗಳು ತೆರೆದೇ ಇರಲಿ. ಬಿಗಿ ಮಾಡಬೇಡಿ, ಜಾರದಷ್ಟು ಇದ್ದರೆ ಸಾಕು.

ಟೂತ್‌ಪಿಕ್ ಅನ್ನು ಬೇಕನ್‌ನ ತುದಿಯ ಮೂಲಕ, ಸೀಗಡಿಯ ನಡುವೆ ಹಾಯಿಸಿ, ಆಚೆ ಬದಿಯ ಬೇಕನ್‌ವರೆಗೂ ಚುಚ್ಚಿ. ಮರದ ಕಡ್ಡಿಯಾದರೆ ಮೊದಲು ಅರ್ಧ ಗಂಟೆ ನೀರಲ್ಲಿ ನೆನೆಸಿಡಿ, ತುದಿ ಸುಡುವುದು ಕಡಿಮೆಯಾಗುತ್ತದೆ. ಬಣ್ಣದ ಕಡ್ಡಿ, ಪ್ಲಾಸ್ಟಿಕ್ ತುದಿಯ ಕಡ್ಡಿ ಓವನ್‌ಗೆ ಆಗುವುದಿಲ್ಲ.

ಓವನ್‌ನಲ್ಲಿ: 20 ತುಂಡುಗಳಿಗೆ

16/20 ಗಾತ್ರದ ಸೀಗಡಿ ಸುಮಾರು 500 ಗ್ರಾಂ, ತೆಳು ಬೇಕನ್ 10 ಪಟ್ಟಿ, ಕಾಳುಮೆಣಸಿನ ಪುಡಿ ಅರ್ಧ ಚಮಚ, 20 ಟೂತ್‌ಪಿಕ್, ಕೊನೆಗೆ ಹಿಂಡಲು ಒಂದು ನಿಂಬೆಹಣ್ಣು. ಇಷ್ಟೇ.

ಓವನ್ ಅನ್ನು 200 ಡಿಗ್ರಿಗೆ ಕಾಯಿಸಿ. ಅಂಚು ಎತ್ತರ ಇರುವ ಟ್ರೇಗೆ ಫಾಯಿಲ್ ಹಾಸಿ, ಅದರ ಮೇಲೆ ತಂತಿಯ ಜಾಲರಿ ಇಡಿ. ಜಾಲರಿ ಯಾಕೆ ಬೇಕು ಅಂದರೆ, ಕರಗಿದ ಕೊಬ್ಬು ಕೆಳಗೆ ಇಳಿದುಹೋಗುತ್ತದೆ, ಬಿಸಿ ಗಾಳಿ ಅಡಿಯಿಂದಲೂ ಆಡುತ್ತದೆ. ನೇರ ಟ್ರೇ ಮೇಲೆ ಇಟ್ಟರೆ ಅಡಿಭಾಗ ಕೊಬ್ಬು ಮತ್ತು ಸೀಗಡಿ ಬಿಟ್ಟ ನೀರಿನಲ್ಲಿ ಕೂತು ಮೆತ್ತಗಾಗುತ್ತದೆ. ಬೇಕನ್ ಪಟ್ಟಿಗಳನ್ನು ಅರ್ಧಕ್ಕೆ ಕತ್ತರಿಸಿ, ಜಾಲರಿಯ ಮೇಲೆ ಹರಡಿ, 8ರಿಂದ 10 ನಿಮಿಷ ಬೇಯಿಸಿ ತೆಗೆದು ಆರಲು ಬಿಡಿ. ಸೀಗಡಿ ಅಲ್ಲಿಯವರೆಗೆ ಫ್ರಿಜ್‌ನಲ್ಲೇ ಇರಲಿ. ತಣ್ಣಗಿರುವ ಸೀಗಡಿ ಬಿಸಿಯಾಗಲು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಆ ಹೊತ್ತು ಬೇಕನ್ ಪಾಲಿಗೆ ಲಾಭ.

ಈಗ ಓವನ್ ಅನ್ನು 220ಕ್ಕೆ ಏರಿಸಿ. ಸೀಗಡಿ ಒರೆಸಿ, ಮೆಣಸು ಉದುರಿಸಿ, ಸುತ್ತಿ, ಚುಚ್ಚಿ, ಬೇಕನ್ ತುದಿ ಕೆಳಗೆ ಬರುವ ಹಾಗೆ ಜಾಲರಿಯ ಮೇಲೆ ಇಡಿ. ಒಂದಕ್ಕೊಂದು ತಾಗಬಾರದು, ನಡುವೆ ಎರಡು ಬೆರಳು ಜಾಗ ಇರಲಿ. ಓವನ್‌ನ ಮೇಲಿನ ಮೂರನೇ ಒಂದು ಭಾಗದಲ್ಲಿ ಟ್ರೇ ಇಟ್ಟು 8ರಿಂದ 10 ನಿಮಿಷ ಬೇಯಿಸಿ, ಅರ್ಧ ಸಮಯಕ್ಕೆ ಇಕ್ಕಳದಲ್ಲಿ ಒಮ್ಮೆ ತಿರುಗಿಸಿ. 7ನೇ ನಿಮಿಷದಿಂದಲೇ ನೋಡುತ್ತಿರಿ. ಬೇಕನ್ ಇನ್ನೂ ಬಣ್ಣ ಬಂದಿಲ್ಲ, ಸೀಗಡಿ ಆಗಿಬಿಟ್ಟಿದೆ ಅನ್ನಿಸಿದರೆ ಮೇಲಿನ ಗ್ರಿಲ್ ಉರಿ ಹಾಕಿ ಒಂದು ನಿಮಿಷ, ಪಕ್ಕದಲ್ಲೇ ನಿಂತು. ಗ್ರಿಲ್‌ನ ಬಿಸಿ ಮೇಲ್ಮೈಗೆ ನೇರವಾಗಿ ಬೀಳುತ್ತದೆ, ಒಳಗೆ ಇಳಿಯುವ ಮೊದಲೇ ಬೇಕನ್ ಕಂದು ಬಣ್ಣಕ್ಕೆ ಬರುತ್ತದೆ.

ಹೊರಗೆ ತೆಗೆದ ಮೇಲೂ ಒಳಗಿನ ಬಿಸಿ ಸ್ವಲ್ಪ ಹೊತ್ತು ಏರುತ್ತಲೇ ಇರುತ್ತದೆ. ಹಾಗಾಗಿ ಬೆಂದಿದೆ ಅಂತ ಕಂಡ ಕೂಡಲೇ ತೆಗೆಯಿರಿ, ‘ಇನ್ನೊಂದು ನಿಮಿಷ ಇರಲಿ’ ಬೇಡ. ತಟ್ಟೆಗೆ ಹಾಕಿ ನಿಂಬೆ ಹಿಂಡಿ.

ಸ್ಕ್ಯಾಲಪ್‌ಗೂ ಇದೇ ಕ್ರಮ, ದಪ್ಪ ನೋಡಿಕೊಂಡು 10ರಿಂದ 12 ನಿಮಿಷ.

ಓವನ್ ಇಲ್ಲದಿದ್ದರೆ

ಏರ್ ಫ್ರೈಯರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅದರೊಳಗೆ ಬಿಸಿ ಗಾಳಿ ಜೋರಾಗಿ ಸುತ್ತುವುದರಿಂದ ಮೇಲ್ಮೈಯ ತೇವ ಬೇಗ ಹೋಗುತ್ತದೆ. 200 ಡಿಗ್ರಿಯಲ್ಲಿ ಬೇಕನ್ ಅನ್ನು ಮೂರು ನಾಲ್ಕು ನಿಮಿಷ ಮೊದಲು ಬೇಯಿಸಿ, ಸುತ್ತಿದ ಮೇಲೆ ಆರರಿಂದ ಎಂಟು ನಿಮಿಷ. ಒಂದೇ ಪದರವಾಗಿ ಇಡಿ, ತುಂಬಿಸಿದರೆ ಗಾಳಿ ಆಡುವುದಿಲ್ಲ.

ಒಲೆಯ ಮೇಲೆ ಬಾಣಲೆಯಲ್ಲೂ ಆಗುತ್ತದೆ. ಎಣ್ಣೆ ಬೇಡ, ಮಧ್ಯಮ ಉರಿಯಲ್ಲಿ ಬೇಕನ್ ತುದಿಯ ಬದಿಯನ್ನು ಮೊದಲು ಕೆಳಗೆ ಮಾಡಿ ಇಡಿ, ಅದು ಅಂಟಿಕೊಂಡು ಮುಚ್ಚಿಕೊಳ್ಳುತ್ತದೆ. ಆಮೇಲೆ ಒಂದೊಂದೇ ಬದಿ ತಿರುಗಿಸುತ್ತಾ ಹೋಗಿ. ಕೆಂಡದ ಮೇಲೆ ಸುಡುವುದಾದರೆ ನೇರ ಕೆಂಡದ ಮೇಲೆ ಇಡಬೇಡಿ. ಬೇಕನ್ ಕೊಬ್ಬು ತೊಟ್ಟಿಕ್ಕಿ ಬೆಂಕಿ ಭಗ್ಗನೆ ಮೇಲೇಳುತ್ತದೆ, ಮಸಿ ಹಿಡಿಯುತ್ತದೆ. ಕೆಂಡವನ್ನು ಒಂದು ಬದಿಗೆ ಸರಿಸಿ, ತುಂಡುಗಳನ್ನು ಇನ್ನೊಂದು ಬದಿಗೆ ಇಟ್ಟು ಮುಚ್ಚಿ ಬೇಯಿಸಿ.

ಎಲ್ಲಿ ಮಾಡಿದರೂ ಒಂದು ಮಾತು. ಕರಗಿದ ಕೊಬ್ಬಿಗೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ. ನೀರು ಒಮ್ಮೆಲೇ ಆವಿಯಾಗಿ ಉರಿಯುವ ಎಣ್ಣೆಯನ್ನು ಸುತ್ತ ಚಿಮ್ಮಿಸುತ್ತದೆ. ಉರಿ ಆರಿಸಿ, ಬಾಣಲೆಗೆ ಮುಚ್ಚಳ ಮುಚ್ಚಿ. ಓವನ್ನೊಳಗೆ ಆದರೆ ಬಾಗಿಲು ತೆಗೆಯದೆ ಸ್ವಿಚ್ ಆರಿಸಿ. ಕೆಲಸ ಮುಗಿದ ಮೇಲೆ ಆ ಕೊಬ್ಬನ್ನು ಸಿಂಕ್‌ಗೆ ಸುರಿಯಬೇಡಿ, ತಣ್ಣಗಾದ ಮೇಲೆ ಪೈಪಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ.

ಸಿಹಿ ಲೇಪ ಕೊನೆಯಲ್ಲಿ ಮಾತ್ರ

ಜೇನು, ಮೇಪಲ್ ಸಿರಪ್, ಕಂದು ಸಕ್ಕರೆ, ಯಾವುದಾದರೂ ಸವರಿದರೆ ಬೇಕನ್‌ನ ಉಪ್ಪು ಮತ್ತು ಹೊಗೆಯ ರುಚಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಆದರೆ ಸಕ್ಕರೆ ಸುಮಾರು 160 ಡಿಗ್ರಿಯಲ್ಲಿ ಕಂದಾಗಲು ಶುರುವಾಗುತ್ತದೆ, ಜೇನಿನಲ್ಲಿರುವ ಫ್ರಕ್ಟೋಸ್ ಅದಕ್ಕಿಂತಲೂ ಕಡಿಮೆ ಬಿಸಿಗೇ. 220 ಡಿಗ್ರಿ ಓವನ್‌ಗೆ ಮೊದಲೇ ಸವರಿ ಇಟ್ಟರೆ ಬೇಕನ್ ಬೇಯುವ ಮೊದಲು ಲೇಪ ಕಪ್ಪಾಗಿ ಕಹಿಯಾಗುತ್ತದೆ. ಕೊನೆಯ ಎರಡು ಮೂರು ನಿಮಿಷ ಇರುವಾಗ ತೆಳುವಾಗಿ ಸವರಿ. ಎರಡು ಚಮಚ ಜೇನಿಗೆ ಒಂದು ಚಮಚ ಸಾಸಿವೆ ಪೇಸ್ಟ್, ಸ್ವಲ್ಪ ನಿಂಬೆರಸ, ಇಷ್ಟು ಕಲಸಿದರೆ 20 ತುಂಡಿಗೆ ಆಗುತ್ತದೆ.

ಇವೆರಡು ಯಾಕೆ ಇಷ್ಟು ಹೊಂದುತ್ತವೆ?

ಸೀಗಡಿ, ಸ್ಕ್ಯಾಲಪ್ ಎರಡರಲ್ಲೂ ಕೊಬ್ಬು ಬಹಳ ಕಡಿಮೆ, ಸಿಹಿಯಾದ ಅಮೈನೋ ಆಮ್ಲಗಳು ಜಾಸ್ತಿ. ಬೇಕನ್‌ನಲ್ಲಿ ಕೊಬ್ಬು, ಉಪ್ಪು, ಹೊಗೆ. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇದೆ, ಇದು ಸುಲಭವಾಗಿ ತಿಳಿಯುವ ಕಾರಣ.

ಇನ್ನೊಂದು ಕಾರಣ ಉಮಾಮಿ. ಸಿಹಿ, ಹುಳಿ, ಉಪ್ಪು, ಕಹಿ ಬಿಟ್ಟು ಐದನೆಯದಾಗಿ ಗುರುತಿಸಿರುವ, ಬಾಯಿ ತುಂಬುವಂಥ ರುಚಿ ಇದು. 1908ರಲ್ಲಿ ಜಪಾನಿನ ವಿಜ್ಞಾನಿ ಕಿಕುನಾಯೆ ಇಕೆಡಾ ಇದಕ್ಕೆ ಗ್ಲುಟಮೇಟ್ ಎಂಬ ಪದಾರ್ಥ ಕಾರಣ ಅಂತ ಕಂಡುಕೊಂಡರು. ಮಾಂಸದಲ್ಲಿ ಇನೋಸಿನೇಟ್ ಎಂಬ ಇನ್ನೊಂದು ಪದಾರ್ಥ ಇದೆ. ಗ್ಲುಟಮೇಟ್ ಜೊತೆ ಇದು ಸೇರಿದಾಗ ಉಮಾಮಿ ಬರೀ ಕೂಡುವುದಲ್ಲ, ಹಲವು ಪಟ್ಟು ಹೆಚ್ಚಾಗುತ್ತದೆ. ಬೇಕನ್ ಮತ್ತು ಸಮುದ್ರದ ಆಹಾರ ಒಂದೇ ತುತ್ತಿನಲ್ಲಿ ಬಾಯಿಗೆ ಬಂದಾಗ ಬೇರೆ ಬೇರೆಯಾಗಿ ತಿಂದದ್ದಕ್ಕಿಂತ ರುಚಿ ಹೆಚ್ಚು ಅನ್ನಿಸಲು ಇದೂ ಒಂದು ಕಾರಣ. ಕೊನೆಗೆ ನಿಂಬೆ ಹಿಂಡುವುದನ್ನು ಬಿಡಬೇಡಿ, ಆ ಹುಳಿ ಇಲ್ಲದಿದ್ದರೆ ನಾಲ್ಕನೇ ತುಂಡಿಗೆ ಜಿಡ್ಡು ಮುಖಕ್ಕೆ ಹೊಡೆಯುತ್ತದೆ.

ಮೊದಲೇ ಮಾಡಿಡಬಹುದಾ?

ಅತಿಥಿಗಳು ಬರುವ ದಿನ ಎಲ್ಲರಿಗೂ ಬರುವ ಪ್ರಶ್ನೆ ಇದು. ಸೀಗಡಿ ಸುಲಿದು, ಒರೆಸಿ, ಮುಚ್ಚಿ ಫ್ರಿಜ್‌ನಲ್ಲಿ ಬೆಳಗ್ಗೆಯೇ ಇಡಬಹುದು. ಬೇಕನ್ ಕತ್ತರಿಸಿಡಬಹುದು. ಕಡ್ಡಿ ನೆನೆಸಿ, ಲೇಪ ಕಲಸಿಡಬಹುದು. ಆದರೆ ಬೇಕನ್ ಅನ್ನು ಅರ್ಧ ಬೇಯಿಸಿ ಮರುದಿನಕ್ಕೆ ಇಡುವುದು ಬೇಡ. ಅರೆಬೆಂದ ಮಾಂಸದಲ್ಲಿ ಬ್ಯಾಕ್ಟೀರಿಯಾ ಸತ್ತಿರುವುದಿಲ್ಲ, ಬೆಚ್ಚಗಾಗಿ ಎಚ್ಚೆತ್ತಿರುತ್ತವೆ ಅಷ್ಟೇ. ಅರ್ಧ ಬೇಯಿಸುವುದು, ಆರಿಸುವುದು, ಸುತ್ತುವುದು, ಪೂರ್ತಿ ಬೇಯಿಸುವುದು, ಈ ನಾಲ್ಕೂ ಒಂದರ ಹಿಂದೆ ಒಂದು ನಡೆಯಲಿ. ಎಲ್ಲ ಸೇರಿ ಮುಕ್ಕಾಲು ಗಂಟೆಯ ಕೆಲಸ.

ಹಸಿ ಸೀಗಡಿ ಮುಟ್ಟಿದ ಹಲಗೆ, ಚಾಕು, ತಟ್ಟೆ ಸೋಪಿನಲ್ಲಿ ತೊಳೆಯದೆ ಬೆಂದದ್ದಕ್ಕೆ ಬಳಸಬೇಡಿ. ಬೆಂದ ತುಂಡುಗಳು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಉಳಿದರೆ ಫ್ರಿಜ್‌ನಲ್ಲಿಟ್ಟು ಒಂದೆರಡು ದಿನದಲ್ಲಿ ಮುಗಿಸಿ, ಬಿಸಿ ಮಾಡಲು ಮೈಕ್ರೋವೇವ್‌ಗಿಂತ ಓವನ್ ಅಥವಾ ಏರ್ ಫ್ರೈಯರ್ ಮೇಲು.

ಬಡಿಸುವ ಮೊದಲು ಕೇಳಬೇಕಾದದ್ದು

ಸೀಗಡಿಯಂಥ ಚಿಪ್ಪಿನ ಜೀವಿಗಳ ಅಲರ್ಜಿ ಕೆಲವರಿಗೆ ತೀವ್ರವಾಗಿರುತ್ತದೆ. ಇದಕ್ಕೆ ಮುಖ್ಯ ಕಾರಣ ಟ್ರೋಪೊಮಯೋಸಿನ್ ಎಂಬ ಪ್ರೋಟೀನ್. ಬೇಯಿಸಿದರೂ ಅದು ನಾಶವಾಗುವುದಿಲ್ಲ, ಹಾಗಾಗಿ ಚೆನ್ನಾಗಿ ಬೆಂದಿದೆ ಅನ್ನುವುದು ಸಮಾಧಾನದ ಮಾತಲ್ಲ. ಮೀನಿನ ಅಲರ್ಜಿಗೆ ಬೇರೆ ಪ್ರೋಟೀನ್ ಕಾರಣ. ಆದ್ದರಿಂದ ಸೀಗಡಿ ಆಗದವರಿಗೆ ಮೀನು ಆಗಬಹುದು, ಆದರೆ ಅದನ್ನು ಅವರೇ ಹೇಳಬೇಕು. ಆಗಬಹುದು ಅಂತ ಹೇಳಿದರೆ ಅವರ ತುಂಡುಗಳನ್ನು ಬೇರೆ ಟ್ರೇಯಲ್ಲಿ, ಬೇರೆ ಇಕ್ಕಳದಲ್ಲಿ ಮಾಡಿ.

ಹಂದಿ ಮಾಂಸ ಇದೆ ಅನ್ನುವುದನ್ನೂ ಬಾಯಿಬಿಟ್ಟು ಹೇಳಿ. ಗರಿಗರಿಯಾಗಿ ಕಂದು ಬಣ್ಣಕ್ಕೆ ಬಂದ ಮೇಲೆ ಹೊರಗೆ ಸುತ್ತಿರುವುದು ಯಾವ ಮಾಂಸ ಅಂತ ನೋಡಿ ಹೇಳುವುದು ಕಷ್ಟ, ಟರ್ಕಿಯ ಬೇಕನ್‌ದೂ ಹಂದಿಯ ಬೇಕನ್‌ದೂ ಒಂದೇ ತಟ್ಟೆಯಲ್ಲಿದ್ದರಂತೂ ಗೊಂದಲವೇ. ಎರಡು ಬಗೆ ಮಾಡಿದ್ದರೆ ಎರಡು ತಟ್ಟೆ ಇಡಿ. ಬಡಿಸುವ ಹೊತ್ತಿಗೆ ಕಡ್ಡಿ ಎಲ್ಲದರಲ್ಲೂ ಕಣ್ಣಿಗೆ ಕಾಣುವ ಹಾಗೆ ಮೇಲೆ ಬಂದಿದೆಯಾ ನೋಡಿಕೊಳ್ಳಿ. ಮಕ್ಕಳಿಗೆ ಕೊಡುವಾಗ ಕಡ್ಡಿ ತೆಗೆದೇ ಕೊಡಿ, ಬೆಂದ ಮೇಲೆ ಬೇಕನ್ ಬಿಚ್ಚಿಕೊಳ್ಳುವುದಿಲ್ಲ.